ಕುದುರೆ ಎಲ್ಲಿಂದ ಹೊರಟಿತು?

ಚದುರಂಗದ ಮೊದಲ ನಡೆಯಲ್ಲಿ ಬಿಳಿಯವರು ರಾಜನ ಕಡೆಯ ಕುದುರೆಯನ್ನು ಹೊರಗೆ ತಂದರು ಎನ್ನೋಣ. ಪಂದ್ಯಾವಳಿಯಲ್ಲಿ ಆಡುವ ಹುಡುಗಿ ಸ್ಕೋರ್‌ಶೀಟಿನಲ್ಲಿ ಅದನ್ನು ‘ಎನ್‌ಎಫ್3’ ಎಂದು ಬರೆದುಕೊಳ್ಳುತ್ತಾಳೆ. ಸ್ಟಾಕ್‌ಫಿಶ್ ಎಂಬ ಇಂಜಿನ್ ಅದೇ ನಡೆಯನ್ನು ‘ಜಿ1ಎಫ್3’ ಎಂದು ಹೊರಗೆ ಕಳಿಸುತ್ತದೆ. ತನ್ನೊಳಗೆ ಮಾತ್ರ 405 ಎಂಬ ಒಂದೇ ಸಂಖ್ಯೆಯಾಗಿ ಇಟ್ಟುಕೊಂಡಿರುತ್ತದೆ. ದೇಶ ದೇಶಗಳ ನಡುವೆ ಅಂಚೆಯಲ್ಲಿ ಆಡುವವರ ಕಾರ್ಡಿನಲ್ಲಿ ಅದು ‘7163’. ಜರ್ಮನ್ ಪುಸ್ತಕದಲ್ಲಿ ‘ಎಸ್‌ಎಫ್3’. ಐವತ್ತು ವರ್ಷ ಹಿಂದಿನ ಇಂಗ್ಲಿಷ್ ಪುಸ್ತಕವಾದರೆ ‘ಎನ್-ಕೆಬಿ3’. ಹಾರಿದ್ದು ಒಂದೇ ಕುದುರೆ, ಹೆಸರು ಆರು.

ಮುಂದೆ ಓದಲು ಸುಲಭವಾಗಲೆಂದು ಒಂದು ಮಾತು. ರೋಮನ್ ಅಕ್ಷರಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲೇ ಬರೆದಿದ್ದೇನೆ. ಕೆ ಅಂದರೆ ರಾಜ, ಕ್ಯೂ ಮಂತ್ರಿ, ಆರ್ ಆನೆ, ಬಿ ಒಂಟೆ, ಎನ್ ಕುದುರೆ, ಪದಾತಿಗೆ ಅಕ್ಷರವಿಲ್ಲ. ಬಿಳಿಯವರ ಎಡದಿಂದ ಬಲಕ್ಕೆ ಎಂಟು ನೀಟಸಾಲುಗಳು ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಅವರ ಕಡೆಯಿಂದ ಎಣಿಸಿದರೆ ಅಡ್ಡಸಾಲುಗಳು 1ರಿಂದ 8. ಹೀಗೆ ಬರೆದಾಗ ಎರಡಕ್ಷರದ ನಡೆ ಹೇಗೆ ಉದ್ದವಾಗಿ ಕಣ್ಣಿಗೆ ತೊಡಕಾಗುತ್ತದೆ ಎಂಬುದೂ ನಿಮ್ಮ ಅನುಭವಕ್ಕೆ ಬರುತ್ತದೆ. ಈ ಲೇಖನದ ವಿಷಯವೇ ಅದು.

ಚದುರಂಗದ ಪ್ರೋಗ್ರಾಂ ಬರೆಯಲು ಕೂತವರೆಲ್ಲ ಮೊದಲ ವಾರದಲ್ಲೇ ಈ ಪ್ರಶ್ನೆಗೆ ಎದುರಾಗುತ್ತಾರೆ: ನನ್ನ ಪ್ರೋಗ್ರಾಂ ತನ್ನ ನಡೆಯನ್ನು ಹೇಗೆ ಹೇಳಬೇಕು, ಎದುರಾಳಿಯ ನಡೆಯನ್ನು ಹೇಗೆ ಕೇಳಿಸಿಕೊಳ್ಳಬೇಕು? ಸಾಮಾನ್ಯವಾಗಿ ಸಿಗುವ ಉತ್ತರ ‘ಯಾವುದಾದರೂ ಆದೀತು, ಬದಲಾಯಿಸಿಕೊಂಡರಾಯಿತು’ ಎಂಬುದು. ಅದು ಅಷ್ಟು ಸರಳವಲ್ಲ. ‘ಎನ್‌ಎಫ್3’ ಎಂಬ ಬರಹದಲ್ಲಿ ಕುದುರೆ ಎಲ್ಲಿಗೆ ಹೋಯಿತೆಂಬುದಿದೆ, ಎಲ್ಲಿಂದ ಹೊರಟಿತೆಂಬುದಿಲ್ಲ. ‘ಜಿ1ಎಫ್3’ ಎಂಬುದರಲ್ಲಿ ಎಲ್ಲಿಂದ ಎಲ್ಲಿಗೆ ಎಂಬುದಿದೆ, ಹೋದದ್ದು ಕುದುರೆಯೋ ಮಂತ್ರಿಯೋ ಎಂಬುದಿಲ್ಲ. ಎರಡೂ ಏನನ್ನೋ ಬಿಟ್ಟಿವೆ. ಬಿಟ್ಟದ್ದನ್ನು ತುಂಬಿಕೊಳ್ಳುವವರು ಯಾರು ಎಂಬುದರ ಮೇಲೆ ಓದಲು ಯಾವುದು ಸುಲಭ ಎಂಬ ತೀರ್ಮಾನ ನಿಂತಿದೆ.

ಅಚ್ಚಿನ ಚದುರಂಗ ಶುರುವಾದದ್ದು ಏನನ್ನೂ ಬಿಡದ ಕಡೆಯಿಂದ. ಫ್ರಾನ್ಸಿನ ಫಿಲಿಡೋರ್ 1749ರಲ್ಲಿ ತನ್ನ ಪ್ರಸಿದ್ಧ ಪುಸ್ತಕ ಪ್ರಕಟಿಸಿದಾಗ ಒಂದೊಂದು ನಡೆಯನ್ನೂ ವಾಕ್ಯವಾಗಿಯೇ ಬರೆದ: ರಾಜನ ಪದಾತಿ ಎರಡು ಹೆಜ್ಜೆ, ಇತ್ಯಾದಿ. ವಿಚಿತ್ರವೆಂದರೆ ಅದಕ್ಕೆ ಹನ್ನೆರಡು ವರ್ಷ ಮೊದಲೇ, 1737ರಲ್ಲಿ, ಸಿರಿಯಾದ ಅಲೆಪ್ಪೊ ಊರಿನ ಫಿಲಿಪ್ ಸ್ಟಾಮ್ಮಾ ಪ್ಯಾರಿಸ್ಸಿನಲ್ಲಿ ಒಂದು ಪುಸ್ತಕ ತಂದು, ಮನೆಗಳಿಗೆ ಅಕ್ಷರ ಮತ್ತು ಅಂಕಿಗಳ ಹೆಸರಿಟ್ಟಿದ್ದ. ಇವತ್ತು ನಾವು ಬೀಜಗಣಿತ ಪದ್ಧತಿ ಎನ್ನುವುದರ ಬೇರು ಅಲ್ಲಿದೆ. ಜರ್ಮನರು ಅದನ್ನು ಹಿಡಿದು ಬೆಳೆಸಿದರು. ಇಂಗ್ಲಿಷರು, ಸ್ಪ್ಯಾನಿಷರು ಫಿಲಿಡೋರನ ವಾಕ್ಯಗಳನ್ನೇ ಮೊಟಕುಗೊಳಿಸುತ್ತ ಹೋಗಿ ವಿವರಣಾ ಪದ್ಧತಿಗೆ ಬಂದು ನಿಂತರು: ‘ಪಿ-ಕೆ4’ (ಇಲ್ಲಿ ಪದಾತಿಗೂ ಪಿ ಎಂಬ ಅಕ್ಷರವಿದೆ), ‘ಎನ್-ಕೆಬಿ3’.

ಈ ವಿವರಣಾ ಪದ್ಧತಿಯಲ್ಲಿ ಪ್ರತಿ ಮನೆಗೂ ಎರಡು ಹೆಸರು. ಬಿಳಿಯವರ ನಾಲ್ಕನೇ ಮನೆ ಕಪ್ಪಿನವರಿಗೆ ಐದನೆಯದು, ಏಕೆಂದರೆ ಎಣಿಕೆ ಅವರವರ ಕಡೆಯಿಂದ. ಆಡುವವನಿಗೆ ಇದು ಸಹಜವೇ ಅನ್ನಿ. ಎರಡು ಕಡೆಯೂ ಒಂದೇ ಬಗೆಯ ತಂತ್ರಕ್ಕೆ ಒಂದೇ ಹೆಸರು ಸಿಗುತ್ತದೆ. ಬಾಬಿ ಫಿಷರನ ಅರವತ್ತು ಆಟಗಳ ಪುಸ್ತಕ 1969ರಲ್ಲಿ ಬಂದಾಗಲೂ ಇದೇ ಪದ್ಧತಿಯಲ್ಲಿತ್ತು. ಇಂಗ್ಲಿಷ್ ಪುಸ್ತಕಗಳಿಂದ ಆಟ ಕಲಿತ ನಮ್ಮ ಹಿರಿಯ ಆಟಗಾರರು ಕೆಲವರು ಇವತ್ತಿಗೂ ಮಾತಿನ ನಡುವೆ ‘ಪಾನ್ ಟು ಕಿಂಗ್ ಫೋರ್’ ಎನ್ನುವುದುಂಟು. ಪ್ರೋಗ್ರಾಂ ಬರೆಯುವವರಿಗೆ ಮಾತ್ರ ಇದು ತಲೆನೋವು. ‘ಎನ್-ಬಿ3’ ಎಂದು ಬರೆದರೆ ರಾಜನ ಕಡೆಯ ಒಂಟೆಯ ಸಾಲೋ ಮಂತ್ರಿಯ ಕಡೆಯದೋ? ಒಂದೇ ಕಡೆಗೆ ಹೋಗಲು ಸಾಧ್ಯವಿದ್ದರೆ ಬರೆಯಬೇಕಿಲ್ಲ, ಎರಡೂ ಸಾಧ್ಯವಿದ್ದರೆ ಬರೆಯಬೇಕು. 1981ರಿಂದ ವಿಶ್ವ ಚದುರಂಗ ಒಕ್ಕೂಟ ಫಿಡೆ ತನ್ನ ಪಂದ್ಯಗಳಿಗೆ ಬೀಜಗಣಿತ ಪದ್ಧತಿಯೊಂದನ್ನೇ ಒಪ್ಪಿತು. ಕಂಪ್ಯೂಟರಿನವರು ನಿಟ್ಟುಸಿರು ಬಿಟ್ಟರು.

ಕಂಪ್ಯೂಟರಿನ ಕಡೆಯ ಕತೆ ಬೇರೆ ದಾರಿಯಲ್ಲಿ ಬಂದದ್ದು. ಕ್ಲಾಡ್ ಶ್ಯಾನನ್ 1950ರಲ್ಲಿ ಪ್ರಕಟಿಸಿದ, ಚದುರಂಗದ ಪ್ರೋಗ್ರಾಂ ಹೇಗಿರಬೇಕೆಂಬ ಪ್ರಬಂಧದಲ್ಲಿ ನಡೆಯನ್ನು ಬರೆಯುವ ಬಗೆಯನ್ನೂ ಹೇಳಿದ್ದಾನೆ. ಹೊರಟ ಮನೆ, ಸೇರಿದ ಮನೆ, ಬೇಕಾದರೆ ಪದಾತಿ ಬಡ್ತಿ ಪಡೆದು ಆಗುವ ಕಾಯಿ. ಮನೆಗಳು ಅರವತ್ತನಾಲ್ಕು, ಆದ್ದರಿಂದ ಒಂದೊಂದಕ್ಕೆ ಆರು ಬಿಟ್, ಬಡ್ತಿಗೆ ಮೂರು. ಇವತ್ತಿನ ಸ್ಟಾಕ್‌ಫಿಶ್ ಒಳಗಿರುವುದೂ ಹೆಚ್ಚುಕಡಿಮೆ ಇದೇ: ಹದಿನಾರು ಬಿಟ್‌ಗಳಲ್ಲಿ ಆರು ಸೇರಿದ ಮನೆಗೆ, ಆರು ಹೊರಟ ಮನೆಗೆ, ಉಳಿದ ನಾಲ್ಕು ಬಡ್ತಿ, ಕ್ಯಾಸ್ಲಿಂಗ್ ಮುಂತಾದ ವಿಶೇಷಗಳಿಗೆ. ಎ1 ಮನೆಗೆ 0 ಎಂದು ಶುರುಮಾಡಿದರೆ ಜಿ1 ಆರನೆಯದು, ಎಫ್3 ಇಪ್ಪತ್ತೊಂದನೆಯದು. ಆರನ್ನು ಅರವತ್ತನಾಲ್ಕರಿಂದ ಗುಣಿಸಿ ಇಪ್ಪತ್ತೊಂದು ಕೂಡಿದರೆ ಆ 405 ಬರುತ್ತದೆ.

ಈ ಸಂಖ್ಯೆಯನ್ನು ಮನುಷ್ಯನಿಗೆ ತೋರಿಸುವುದು ಹೇಗೆ ಎಂಬುದನ್ನು ಬಹುಕಾಲ ಯಂತ್ರದ ಬಡತನವೇ ತೀರ್ಮಾನಿಸಿತು. ಪೀಟರ್ ಜೆನ್ನಿಂಗ್ಸ್ 1976ರಲ್ಲಿ ಕಿಮ್-1 ಎಂಬ ಪುಟ್ಟ ಬೋರ್ಡಿಗೆ ಮೈಕ್ರೋಚೆಸ್ ಬರೆದ. ಇಡೀ ಪ್ರೋಗ್ರಾಂ ಸುಮಾರು ಒಂದು ಕಿಲೋಬೈಟಿನಲ್ಲಿ ಕೂತಿತ್ತು. ಪರದೆ ಇರಲಿಲ್ಲ, ಕ್ಯಾಲ್ಕುಲೇಟರಿನಲ್ಲಿರುವಂಥ ಆರು ಕೆಂಪು ಅಂಕಿಗಳಷ್ಟೆ. ಮೊದಲ ಎರಡು ಕಾಯಿಯ ಗುರುತು, ನಡುವಿನೆರಡು ಹೊರಟ ಮನೆ, ಕೊನೆಯೆರಡು ಸೇರಿದ ಮನೆ. ಮನೆಗಳಿಗೆ ಅಕ್ಷರವಿಲ್ಲ, ಸೊನ್ನೆಯಿಂದ ಏಳರವರೆಗಿನ ಎರಡೆರಡು ಅಂಕಿ. ಆಡುವವರು ಪಕ್ಕದಲ್ಲಿ ನಿಜವಾದ ಹಲಗೆ ಇಟ್ಟುಕೊಂಡು ಅಂಕಿಗಳನ್ನು ನೋಡಿ ಕಾಯಿ ಸರಿಸಬೇಕು. ಓದಲು ಕಷ್ಟವಾಗಿತ್ತೇ? ಖಂಡಿತ. ಆದರೂ ಆ ಆರು ಅಂಕಿಗಳಲ್ಲಿ ಯಾವ ಕಾಯಿ, ಎಲ್ಲಿಂದ, ಎಲ್ಲಿಗೆ ಎಂಬ ಮೂರೂ ಇದ್ದವು. ಮುಂದೆ ಬಂದ ಎಷ್ಟೋ ಜಾಣ ಪ್ರೋಗ್ರಾಂಗಳು ಇಷ್ಟನ್ನೂ ಹೇಳುತ್ತಿರಲಿಲ್ಲ.

ಇಂಜಿನ್ ಒಬ್ಬರದು, ಪರದೆಯ ಮೇಲೆ ಹಲಗೆ ತೋರಿಸುವ ಪ್ರೋಗ್ರಾಂ ಇನ್ನೊಬ್ಬರದು ಎಂಬ ಕಾಲ ಬಂದಾಗ ಅವೆರಡರ ನಡುವಿನ ಮಾತಿಗೆ ಒಪ್ಪಂದ ಬೇಕಾಯಿತು. ಟಿಮ್ ಮ್ಯಾನ್ ಅವರ ಎಕ್ಸ್‌ಬೋರ್ಡ್ ಒಪ್ಪಂದ ಒಂದು. 2000ದ ನವೆಂಬರಿನಲ್ಲಿ ರುಡಾಲ್ಫ್ ಹ್ಯೂಬರ್ ಮತ್ತು ಶ್ರೆಡರ್ ಇಂಜಿನ್ನಿನ ಸ್ಟೆಫಾನ್ ಮೇಯರ್-ಕಾಲೆನ್ ತಂದ ಯುಸಿಐ ಇನ್ನೊಂದು. ಈಗ ಗೆದ್ದಿರುವುದು ಯುಸಿಐ. ಅದರಲ್ಲಿ ನಡೆಯೆಂದರೆ ಎರಡು ಮನೆಗಳ ಹೆಸರು ಅಂಟಿಸಿ ಬರೆದದ್ದು: ‘ಇ2ಇ4’. ಪದಾತಿ ಕೊನೆ ಮುಟ್ಟಿ ಮಂತ್ರಿಯಾದರೆ ‘ಇ7ಇ8ಕ್ಯೂ’. ಕ್ಯಾಸ್ಲಿಂಗಿಗೆ ರಾಜನ ನಡೆ ಮಾತ್ರ: ‘ಇ1ಜಿ1’. ಹೊಡೆದದ್ದಕ್ಕೆ ಗುರುತಿಲ್ಲ, ಚೆಕ್‌ಗೆ ಗುರುತಿಲ್ಲ. ಶ್ಯಾನನ್ ಹೇಳಿದ್ದನ್ನೇ ಐವತ್ತು ವರ್ಷದ ನಂತರ ಅಕ್ಷರದಲ್ಲಿ ಬರೆದಂತಾಯಿತು. ಇದರ ಹೆಚ್ಚುಗಾರಿಕೆ ಏನೆಂದರೆ ಓದುವ ಪ್ರೋಗ್ರಾಮಿಗೆ ಹಲಗೆಯ ಸ್ಥಿತಿ ಗೊತ್ತಿರಬೇಕಿಲ್ಲ. ನಾಲ್ಕು ಅಕ್ಷರ ಕತ್ತರಿಸಿದರೆ ಎರಡು ಮನೆ ಕೈಗೆ ಬರುತ್ತವೆ. ಇಂಜಿನ್ ತಪ್ಪಿ ಆಗಬಾರದ ನಡೆ ಆಡಿದರೂ ಅದನ್ನು ಬರೆಯಬಹುದು. ದೋಷ ಹುಡುಕುವಾಗ ಈ ಕೊನೆಯ ಗುಣದಷ್ಟು ಉಪಕಾರಿ ಇನ್ನೊಂದಿಲ್ಲ.

ಹಾಗಾದರೆ ಎಲ್ಲಕ್ಕೂ ಇದನ್ನೇ ಬಳಸಬಾರದೇಕೆ? ಇಂಜಿನ್ ಯೋಚಿಸಿದ ಹನ್ನೆರಡು ನಡೆಗಳ ಸರಣಿಯೊಂದನ್ನು ಯುಸಿಐ ರೂಪದಲ್ಲಿ ಓದಿ ನೋಡಿ. ‘ಡಿ1ಎ4’ ಬಂದಾಗ ಡಿ1ರಲ್ಲಿ ಈಗ ಏನಿದೆ ಎಂದು ನೆನಪು ಮಾಡಿಕೊಳ್ಳಬೇಕು. ಆಟ ಬಲ್ಲವರ ಮನಸ್ಸು ಹಾಗೆ ಓಡುವುದಿಲ್ಲ. ಅವರು ಕಾಯಿಯನ್ನು ಹಿಡಿದು ಯೋಚಿಸುತ್ತಾರೆ: ಮಂತ್ರಿ ಎ4ಕ್ಕೆ, ಚೆಕ್. ಮಂತ್ರಿ ಎಲ್ಲಿತ್ತು ಎಂಬುದನ್ನು ಅವರಿಗೆ ಹೇಳಬೇಕಿಲ್ಲ, ಕಣ್ಣಮುಂದೆಯೇ ಇರುತ್ತದೆ. ‘ಎನ್‌ಎಫ್3’ ಎಂಬ ಚಿಕ್ಕ ರೂಪ ಓದಲು ಹಿತವಾಗಿರುವುದು, ಓದುವವರಿಗೆ ಗೊತ್ತಿರುವುದನ್ನು ಅದು ಮತ್ತೆ ಹೇಳದೆ ಇರುವುದರಿಂದ.

ಆ ಹಿತಕ್ಕೆ ಪ್ರೋಗ್ರಾಂ ತೆರುವ ಬೆಲೆ ದೊಡ್ಡದು. ಚಿಕ್ಕ ರೂಪಕ್ಕೆ ಕಂಪ್ಯೂಟರ್ ಲೋಕದಲ್ಲಿ ನಿಖರವಾದ ನಿಯಮ ಕೊಟ್ಟವರು ಸ್ಟೀವನ್ ಎಡ್ವರ್ಡ್ಸ್. 1994ರಲ್ಲಿ ಅವರು ರೂಪಿಸಿದ ಪಿಜಿಎನ್ ಎಂಬ ಕಡತದ ಮಾದರಿ ಇವತ್ತಿಗೂ ಚದುರಂಗದ ಆಟಗಳನ್ನು ಉಳಿಸಿಡುವ ಸಾಮಾನ್ಯ ಭಾಷೆ. ಅದರೊಳಗಿನ ನಡೆಯ ಬರಹಕ್ಕೆ ಸ್ಯಾನ್ ಎಂದು ಹೆಸರು. ಎರಡು ಕುದುರೆಗಳೂ ಡಿ2ಕ್ಕೆ ಬರಬಹುದಾದರೆ ‘ಎನ್‌ಬಿಡಿ2’ ಎಂದು ಹೊರಟ ನೀಟಸಾಲು ಸೇರಿಸಬೇಕು. ಎರಡೂ ಒಂದೇ ನೀಟಸಾಲಿನಲ್ಲಿದ್ದರೆ ಅಡ್ಡಸಾಲಿನ ಅಂಕಿ. ಅದೂ ಸಾಲದಿದ್ದರೆ, ಬಡ್ತಿಯಿಂದ ಮೂರು ಮಂತ್ರಿಗಳಾದಂಥ ಅಪರೂಪದ ಆಟದಲ್ಲಿ, ಎರಡನ್ನೂ.

ಇಲ್ಲೊಂದು ಗುಂಡಿ ಇದೆ. ನಿಮ್ಜೊ-ಇಂಡಿಯನ್ ಆರಂಭದಲ್ಲಿ ಬಿಳಿಯ ಕುದುರೆ ಸಿ3ರಲ್ಲಿರುತ್ತದೆ, ಕಪ್ಪು ಒಂಟೆ ಬಿ4ರಿಂದ ಅದನ್ನು ಇ1ರ ರಾಜನಿಗೆ ಕಟ್ಟಿಹಾಕಿರುತ್ತದೆ. ಈಗ ಜಿ1ರ ಇನ್ನೊಂದು ಕುದುರೆ ಇ2ಕ್ಕೆ ಬಂದರೆ ಏನೆಂದು ಬರೆಯಬೇಕು? ಕಣ್ಣಿಗೆ ಎರಡು ಕುದುರೆಗಳೂ ಇ2ಕ್ಕೆ ಬರುವಂತೆ ಕಾಣುತ್ತವೆ. ಆರಂಭಗಳ ಪುಸ್ತಕಗಳು ಸಲೀಸಾಗಿ ‘ಎನ್‌ಜಿಇ2’ ಎನ್ನುತ್ತವೆ. ಎಡ್ವರ್ಡ್ಸ್ ಅವರ ನಿಯಮದ ಪ್ರಕಾರ ಅದು ತಪ್ಪು. ಕಟ್ಟಿಹಾಕಿದ ಕುದುರೆ ಕದಲುವಂತಿಲ್ಲ, ಆದ್ದರಿಂದ ಗೊಂದಲವೇ ಇಲ್ಲ, ‘ಎನ್‌ಇ2’ ಸಾಕು. ಅಂದರೆ ಒಂದು ನಡೆಯನ್ನು ಸರಿಯಾಗಿ ಬರೆಯಬೇಕಾದರೂ ಪ್ರೋಗ್ರಾಂ ಆ ಸ್ಥಿತಿಯ ಎಲ್ಲ ನಡೆಗಳನ್ನು ಹುಟ್ಟಿಸಿ, ಯಾವುದರಿಂದ ತನ್ನ ರಾಜ ಬಯಲಾಗುತ್ತಾನೆಂದು ನೋಡಿರಬೇಕು. ಕೊನೆಯಲ್ಲಿ ಚೆಕ್‌ಮೇಟಿನ ಗುರುತು ಹಾಕಲು ಎದುರಾಳಿಯ ಎಲ್ಲ ಉತ್ತರಗಳನ್ನೂ ಹುಡುಕಬೇಕು. ಹೊಸಬರು ಬರೆದ ಪ್ರೋಗ್ರಾಂಗಳು ಮುಗ್ಗರಿಸುವುದು ಬಹುಮಟ್ಟಿಗೆ ಇಲ್ಲೇ: ಆಟ ಸರಿಯಾಗಿ ಆಡುತ್ತವೆ, ಆಡಿದ್ದನ್ನು ತಪ್ಪಾಗಿ ಬರೆಯುತ್ತವೆ. ಪುಸ್ತಕದವರು ‘ಎನ್‌ಜಿಇ2’ ಎಂದು ಬರೆಯುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ, ಓದುವ ಕಣ್ಣಿಗೆ ಅದೇ ಸ್ಪಷ್ಟ. ಯಂತ್ರ ಬರೆಯುವಾಗ ಮಾತ್ರ ನಿಯಮ ಬಿಡುವಂತಿಲ್ಲ, ಏಕೆಂದರೆ ಒಂದೇ ನಡೆಗೆ ಎರಡು ಬರಹಗಳಾದರೆ ಎರಡು ಕಡತಗಳನ್ನು ಹೋಲಿಸುವುದು ಕೆಟ್ಟುಹೋಗುತ್ತದೆ.

ಎಡ್ವರ್ಡ್ಸ್ ಇದನ್ನು ಮುಂದಾಗಿ ಕಂಡಿದ್ದರು. ಪಿಜಿಎನ್‌ಗೆ ಅವರು ಎರಡು ಮುಖ ಕೊಟ್ಟರು: ಒಳಗೆ ತೆಗೆದುಕೊಳ್ಳುವಾಗ ಸಡಿಲ, ಹೊರಗೆ ಕೊಡುವಾಗ ಬಿಗಿ. ಮನುಷ್ಯರು ಕೈಯಿಂದ ಬರೆದ ಕಡತದಲ್ಲಿ ಹೆಚ್ಚುವರಿ ಅಕ್ಷರ ಇದ್ದರೂ ಒಪ್ಪಿಕೊಳ್ಳಿ, ನೀವು ಬರೆಯುವಾಗ ಒಂದೇ ರೂಪ ಬರೆಯಿರಿ. ಕ್ಯಾಸ್ಲಿಂಗಿನ ಗುರುತಿನ ವಿಷಯದಲ್ಲೂ ಅವರ ಎಚ್ಚರ ನೋಡುವಂತಿದೆ. ಫಿಡೆ ಅದನ್ನು ಸೊನ್ನೆಗಳಿಂದ ಬರೆಯುತ್ತದೆ. ಪಿಜಿಎನ್ ದೊಡ್ಡಕ್ಷರದ ‘ಓ’ ಬಳಸುತ್ತದೆ. ಕಾಗದದ ಮೇಲೆ ವ್ಯತ್ಯಾಸವೇ ಕಾಣದು. ಆದರೆ ಕಡತ ಓದುವ ಪ್ರೋಗ್ರಾಂ ಸಾಲಿನಲ್ಲಿ ಅಂಕಿ ಕಂಡ ಕೂಡಲೇ ಇದು ನಡೆಯ ಕ್ರಮಸಂಖ್ಯೆಯೋ, ‘0-1’ ಎಂಬ ಫಲಿತಾಂಶವೋ ಎಂದು ತಡವರಿಸುತ್ತದೆ. ಅಕ್ಷರವಾದರೆ ಆ ಅನುಮಾನವಿಲ್ಲ.

ಚಿಕ್ಕ ರೂಪಕ್ಕೆ ಇನ್ನೊಂದು ದೌರ್ಬಲ್ಯವಿದೆ, ಅದರ ಬಗ್ಗೆ ಮಾತು ಕಡಿಮೆ. ಒಂದು ಅಕ್ಷರ ತಪ್ಪಿದರೆ ಅದು ಇನ್ನೊಂದು ಆಡಬಹುದಾದ ನಡೆಯಾಗಿಬಿಡಬಹುದು. ಬಿ ಸಾಲಿನ ಕುದುರೆಯ ಬದಲು ಎಫ್ ಸಾಲಿನ ಕುದುರೆ ಡಿ2ಕ್ಕೆ ಹೋಯಿತು. ಆಟ ಇನ್ನೂ ಹತ್ತು ನಡೆ ಸುಗಮವಾಗಿ ಸಾಗಿ, ಆಮೇಲೆ ಎಲ್ಲೋ ಅಸಾಧ್ಯವಾದ ನಡೆಯೊಂದು ಎದುರಾಗುತ್ತದೆ. ತಪ್ಪಾದದ್ದು ಎಲ್ಲಿ ಎಂದು ಹುಡುಕುವುದು ಸಾಹಸ. ಸೋವಿಯತ್ ಕಾಲದ ರಷ್ಯನ್ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವ ಪೂರ್ಣ ರೂಪದಲ್ಲಿ (ಕಾಯಿ, ಹೊರಟ ಮನೆ, ಅಡ್ಡಗೆರೆ, ಸೇರಿದ ಮನೆ, ಅಂದರೆ ‘ಎನ್‌ಜಿ1-ಎಫ್3’ ಎಂಬಂತೆ) ಈ ಅಪಾಯ ಕಡಿಮೆ. ಹೇಳಿದ್ದನ್ನೇ ಎರಡು ಸಲ ಹೇಳುವುದರಿಂದ ಅಚ್ಚಿನ ತಪ್ಪು ತಾನೇ ಸಿಕ್ಕಿಬೀಳುತ್ತದೆ. ಜಾಗ ಹೆಚ್ಚು ಬೇಕು, ನಿಜ. ಆದರೆ ಆಟ ಕಲಿಯುವ ಮಕ್ಕಳಿಗೆ ತೋರಿಸುವ ಪರದೆಗೂ ಪ್ರೋಗ್ರಾಮಿನ ಲಾಗ್ ಕಡತಕ್ಕೂ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹೊಸ ಪ್ರೋಗ್ರಾಂಗಳು ಇದನ್ನು ಮರೆತಿರುವುದು ಸರಿಯಲ್ಲ.

ಇನ್ನು ಭಾಷೆಯ ವಿಷಯ. ಪಿಜಿಎನ್ ಇಂಗ್ಲಿಷ್ ಅಕ್ಷರಗಳನ್ನೇ ಕಡ್ಡಾಯ ಮಾಡಿದೆ, ಆದರೆ ಆಟಗಾರರು ಹಾಗಿಲ್ಲ. ಇಂಗ್ಲಿಷಿನಲ್ಲಿ ಆರ್ ಎಂದರೆ ಆನೆ, ಫ್ರೆಂಚಿನಲ್ಲೂ ಸ್ಪ್ಯಾನಿಷಿನಲ್ಲೂ ಆರ್ ಎಂದರೆ ರಾಜ. ಇಂಗ್ಲಿಷಿನಲ್ಲಿ ರಾಜನಿಗೂ ಕುದುರೆಗೂ ಕೆ ಅಕ್ಷರವೇ ಮೊದಲಾದ್ದರಿಂದ ಕುದುರೆಗೆ ಎನ್ ಕೊಟ್ಟರು; ರಷ್ಯನ್ನರು ಅದೇ ಇಕ್ಕಟ್ಟಿನಲ್ಲಿ ರಾಜನಿಗೆ ಎರಡಕ್ಷರ ಕೊಟ್ಟರು. ಅಂಚೆ ಚದುರಂಗದವರು ಈ ಜಗಳವೇ ಬೇಡವೆಂದು ಅಂಕಿಗಳಿಗೆ ಹೋದರು. ಬೆಲ್‌ಗ್ರೇಡಿನಿಂದ 1966ರಲ್ಲಿ ಶುರುವಾದ ಇನ್‌ಫಾರ್ಮೆಂಟ್ ಪತ್ರಿಕೆ ಅಕ್ಷರ ತೆಗೆದು ಕಾಯಿಗಳ ಪುಟ್ಟ ಚಿತ್ರಗಳನ್ನೇ ಅಚ್ಚುಹಾಕಿತು. ಯಾವ ಭಾಷೆಯವರಾದರೂ ಓದಬಹುದು. ಆ ಚಿತ್ರಗಳು ಈಗ ಯೂನಿಕೋಡಿನಲ್ಲೂ ಇವೆ, ಬಿಳಿಗೆ ಆರು, ಕಪ್ಪಿಗೆ ಆರು. ಒಂದು ಎಚ್ಚರಿಕೆ: ಕಪ್ಪು ಹಿನ್ನೆಲೆಯ ಪರದೆಯಲ್ಲಿ ಬಿಳಿಯ ಕಾಯಿ ಬರೀ ಗೆರೆಯಾಗಿ ಒಳಗೆ ಕಪ್ಪು ಕಾಣುತ್ತದೆ, ಕಪ್ಪು ಕಾಯಿ ತುಂಬಿದ ಬಿಳಿಯಾಗುತ್ತದೆ. ಕಾಯಿಯ ಬಣ್ಣವನ್ನೇ ತಿರುಗುಮುರುಗು ಓದುವ ಪ್ರಮೇಯ ಬರುತ್ತದೆ.

ಕನ್ನಡದಲ್ಲೇ ಬರೆಯುವ ಪ್ರೋಗ್ರಾಂ ಮಾಡಿದರೆ? ರಾಜನಿಗೆ ‘ರಾ’, ಆನೆಗೆ ‘ಆ’, ಕುದುರೆಗೆ ‘ಕು’ ಎಂದು ಶುರುಮಾಡಬಹುದು. ಮಂತ್ರಿಯನ್ನು ರಾಣಿ ಎನ್ನುವ ಮನೆಗಳಲ್ಲಿ ‘ರಾ’ ಇಬ್ಬರದಾಗುತ್ತದೆ, ಇಂಗ್ಲಿಷರ ಇಕ್ಕಟ್ಟೇ ಮರಳಿ ಬಂತು. ನೀಟಸಾಲುಗಳಿಗೆ ಸ್ವರಗಳನ್ನಿಟ್ಟರೆ ಆನೆಯ ‘ಆ’ ಎರಡನೇ ಸಾಲಿನ ‘ಆ’ ಕೂಡ ಆಗುತ್ತದೆ. ಆದರೆ ನಮ್ಮ ಲಿಪಿಯಲ್ಲಿ ರೋಮನ್ ಲಿಪಿಗಿಲ್ಲದ ಒಂದು ಸೌಕರ್ಯವಿದೆ: ವ್ಯಂಜನವೂ ಸ್ವರವೂ ಸೇರಿ ಒಂದೇ ಅಕ್ಷರ. ಎಂಟು ನೀಟಸಾಲಿಗೆ ಕ, ಗ, ಚ, ಜ, ಟ, ಡ, ತ, ದ. ಎಂಟು ಅಡ್ಡಸಾಲಿಗೆ ಅ, ಆ, ಇ, ಈ, ಉ, ಊ, ಎ, ಏ ಇಟ್ಟರೆ ಅರವತ್ತನಾಲ್ಕು ಮನೆಗೆ ಅರವತ್ತನಾಲ್ಕು ಅಕ್ಷರ, ಪ್ರತಿ ನಡೆಯೂ ಎರಡೇ ಅಕ್ಷರ. ‘ಇ2ಇ4’ ಆಗ ‘ಟಾಟೀ’. ನಮ್ಮ ‘ಜಿ1ಎಫ್3’ ಏನಾಗುತ್ತದೆ ಗೊತ್ತೆ? ‘ತಡಿ’. ಅವಸರದ ಆಟಗಾರನಿಗೆ ಕುದುರೆಯೇ ಬುದ್ಧಿ ಹೇಳಿದಂತೆ! ಮನೆಗೊಂದು ಅಕ್ಷರ ಎಂಬುದು ನಮ್ಮ ಕಡೆಗೆ ಹೊಸದೇನಲ್ಲ. ಒಂಬತ್ತನೇ ಶತಮಾನದ ಕಾಶ್ಮೀರದ ರುದ್ರಟ ತನ್ನ ಕಾವ್ಯಾಲಂಕಾರದಲ್ಲಿ ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಮ್ಮೆ ಮುಟ್ಟುವ ಓಟದ ಕ್ರಮದಲ್ಲಿ ಓದಿದರೂ ಶ್ಲೋಕವಾಗುವ ತುರಗಪದ ಬಂಧವನ್ನು ಕೊಟ್ಟಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಕುದುರೆಯ ಓಟಗಳ ಹುಚ್ಚಿತ್ತು. ಆದರೂ ಈ ನನ್ನ ಪದ್ಧತಿಯನ್ನು ಯಾರಿಗೂ ಶಿಫಾರಸು ಮಾಡಲಾರೆ. ಪದ್ಧತಿ ಅಂದವಾಗಿದ್ದರೆ ಸಾಲದು, ಎದುರಿಗೆ ಕೂತವರಿಗೂ ಗೊತ್ತಿರಬೇಕು. ನಮ್ಮ ಮಕ್ಕಳು ಪಂದ್ಯಾವಳಿಗಳಲ್ಲಿ ಬರೆಯುವುದು ಇಂಗ್ಲಿಷ್ ಅಕ್ಷರಗಳಲ್ಲೇ. ಕನ್ನಡದ ಪರದೆಗೆ ಕಾಯಿಯ ಚಿತ್ರ, ಅದರ ಪಕ್ಕ ರೋಮನ್ ಮನೆಯ ಹೆಸರು ಇಟ್ಟರೆ ಸಾಕೆಂದು ನನ್ನ ಅಭಿಪ್ರಾಯ.

ಕಣ್ಣಿಗಲ್ಲದೆ ಕಿವಿಗೆ ಹೇಳುವ ಪ್ರೋಗ್ರಾಂ ಆದರೆ ಲೆಕ್ಕವೇ ಬೇರೆ. ಬಿ, ಸಿ, ಡಿ, ಇ, ಜಿ: ಐದೂ ಒಂದೇ ಪ್ರಾಸ. ಫೋನಿನ ಪುಟ್ಟ ಸ್ಪೀಕರಿನಲ್ಲಿ ‘ಬಿ4’, ‘ಡಿ4’ ಬೇರೆ ಮಾಡಿ ಕೇಳುವುದು ಕಷ್ಟ. ಕಣ್ಣು ಕಾಣದ ಆಟಗಾರರಿಗಾಗಿ ಫಿಡೆ ಈ ತೊಂದರೆಯನ್ನು ಬಹಳ ಹಿಂದೆಯೇ ಬಗೆಹರಿಸಿದೆ: ಆನ್ನಾ, ಬೆಲ್ಲಾ, ಸೀಸರ್, ಡೇವಿಡ್, ಈವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್. ಅಂಕಿಗಳಿಗೆ, ಕಾಯಿಗಳಿಗೆ ಜರ್ಮನ್ ಹೆಸರುಗಳು. ಧ್ವನಿಯಲ್ಲಿ ನಡೆ ಹೇಳುವ ಪ್ರೋಗ್ರಾಂ ಮಾಡುವವರು ಹೊಸದೇನನ್ನೂ ಕಂಡುಹಿಡಿಯುವ ಮೊದಲು ಈ ಪಟ್ಟಿ ನೋಡಬೇಕು.

ಈಚಿನ ನರಜಾಲ ಇಂಜಿನ್‌ಗಳು ಬರಹವನ್ನೇ ಬಿಟ್ಟು ಪಟ್ಟಿಗೆ ಹೋಗಿವೆ. ಮಂತ್ರಿಯಂತೆಯೋ ಕುದುರೆಯಂತೆಯೋ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ಬಗೆಗಳು ಒಟ್ಟು 1792. ಪದಾತಿಯ ಬಡ್ತಿಗಳಿಗೆಂದೇ ಇರುವ 66 ಸೇರಿ 1858. ಲೀಲಾ ಚೆಸ್ ಝೀರೋ ಈ ಪಟ್ಟಿಯಿಂದಲೇ ಆರಿಸುತ್ತದೆ. ಭಾಷಾ ಮಾದರಿಗಳ ಮಟ್ಟಿಗೆ ಬರಹದ ಆಯ್ಕೆ ಮತ್ತೆ ಜೀವಂತ ಪ್ರಶ್ನೆಯಾಗಿದೆ. ಶುಭಂ ತೋಷ್ನಿವಾಲ್ ಮತ್ತು ಸಂಗಡಿಗರು 2021ರಲ್ಲಿ ಇಂಥ ಮಾದರಿಗೆ ಆಟ ಕಲಿಸುವಾಗ ಬೇಕೆಂದೇ ಯುಸಿಐ ರೂಪ ಆರಿಸಿದರು. ‘ಜಿ1’ ಎಂದಷ್ಟೇ ಬರೆದು ನಿಲ್ಲಿಸಿ ಮುಂದೇನೆಂದು ಕೇಳಿದರೆ, ಜಿ1ರಲ್ಲಿ ಯಾವ ಕಾಯಿ ಇದೆಯೆಂದು ಮಾದರಿಗೆ ಗೊತ್ತಿದೆಯೋ ಇಲ್ಲವೋ ಬಯಲಾಗುತ್ತದೆ. ಮನುಷ್ಯನಿಗೆ ಕಷ್ಟವಾದ ರೂಪವೇ ಅಲ್ಲಿ ಪರೀಕ್ಷೆಗೆ ಅನುಕೂಲವಾಯಿತು.

ನನ್ನ ಸಲಹೆ ಕೇಳಿದರೆ, ಇಂಜಿನ್ ಹೊರಗೆ ಮಾತಾಡುವುದು ಯುಸಿಐ ರೂಪದಲ್ಲಿರಲಿ, ಮನುಷ್ಯ ಓದುವುದು ಸ್ಯಾನ್‌ನಲ್ಲಿರಲಿ, ಒಂದನ್ನು ಇನ್ನೊಂದಕ್ಕೆ ತಿರುಗಿಸುವ ಕೆಲಸ ಪ್ರೋಗ್ರಾಮಿನ ಒಂದೇ ಜಾಗದಲ್ಲಿ ನಡೆಯಲಿ. ಪೈಥಾನಿನಲ್ಲಿ ಬರೆಯುವವರಿಗೆ ಪೈಥಾನ್-ಚೆಸ್ ಎಂಬ ಮುಕ್ತ ಲೈಬ್ರರಿ ಯುಸಿಐ, ಸ್ಯಾನ್, ಪೂರ್ಣ ರೂಪ ಮೂರನ್ನೂ ಸಿದ್ಧವಾಗಿ ಕೊಡುತ್ತದೆ. ಕಟ್ಟಿಹಾಕಿದ ಕುದುರೆಯ ಲೆಕ್ಕವನ್ನು ನಾವು ಮತ್ತೆ ಬರೆದು ಎಡವಬೇಕಿಲ್ಲ. ಹಿಂದಿನ ಸಾಲಿನ ಕಾಯಿಗಳನ್ನು ಕಲಸಿ ಆಡುವ ಚೆಸ್960 ಸೇರಿಸುವವರು ಮೊದಲೇ ತಿಳಿದಿರಬೇಕಾದ್ದು: ಅಲ್ಲಿ ಯುಸಿಐಯಲ್ಲಿ ಕ್ಯಾಸ್ಲಿಂಗ್ ಎಂದರೆ ರಾಜ ತನ್ನ ಆನೆಯನ್ನೇ ಹೊಡೆದಂತೆ, ‘ಇ1ಎಚ್1’ ಎಂದು ಬರೆಯುವುದು. ರಾಜ ಜಿ1ಕ್ಕೆ ಸಾಮಾನ್ಯ ಹೆಜ್ಜೆಯಲ್ಲೂ ಹೋಗಬಹುದಾದ ಸ್ಥಿತಿಗಳು ಆ ಆಟದಲ್ಲಿರುವುದರಿಂದ ಹಳೆಯ ಬರಹ ನಡೆಯುವುದಿಲ್ಲ.

ಬಳಕೆದಾರರು ಕೀಲಿಮಣೆಯಲ್ಲಿ ಟೈಪ್ ಮಾಡುವ ಪ್ರೋಗ್ರಾಮಿನಲ್ಲಿ ಎಲ್ಲರನ್ನೂ ಕಾಡುವುದು ಬಿ ಅಕ್ಷರ. ದೊಡ್ಡಕ್ಷರದ ಬಿ ಒಂಟೆ, ಸಣ್ಣಕ್ಷರದ ಬಿ ಎರಡನೇ ನೀಟಸಾಲಿನ ಪದಾತಿ. ಶಿಫ್ಟ್ ಒತ್ತುವ ಸಹನೆ ಯಾರಿಗೂ ಇಲ್ಲದ್ದರಿಂದ ಬಹಳ ಪ್ರೋಗ್ರಾಂಗಳು ಎಲ್ಲವನ್ನೂ ಒಂದೇ ಎಂದು ಪರಿಗಣಿಸುತ್ತವೆ, ಹೆಚ್ಚಿನ ಸಲ ತೊಂದರೆಯೂ ಆಗುವುದಿಲ್ಲ. ಒಂಟೆಯೂ ಪದಾತಿಯೂ ಸಿ3ರ ಕಾಯಿಯನ್ನು ಹೊಡೆಯಬಹುದಾದ ಸ್ಥಿತಿ ಬಂದಾಗ ಮಾತ್ರ, ಪ್ರೋಗ್ರಾಂ ತಾನೇ ಒಂದನ್ನು ಆರಿಸಿ ಆಡಿಬಿಡಬಾರದು. ‘ಒಂಟೆಯಿಂದಲೋ ಪದಾತಿಯಿಂದಲೋ?’ ಎಂದು ಒಂದು ಸಾಲು ಕೇಳಿ, ಉತ್ತರ ಬರುವವರೆಗೆ ಆಡುವವರ ಗಡಿಯಾರ ನಿಲ್ಲಿಸಿರಬೇಕು.